ತಂತಿ ನಡಿಗೆ, ತೊಗಲುಗೊಂಬೆ, ಹೊಸ ರಂಗಪ್ರಯೋಗ: ಕಲಾ ಅನುದಾನಕ್ಕೆ ಅರ್ಜಿ ಹಾಕುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಲಾವಿದರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. "ನಾವು ಹಗ್ಗದ ಮೇಲೆ ನಡೀತೀವಿ, ಅದರ ಜೊತೆ ಕಥೇನೂ ಹೇಳ್ತೀವಿ, ಹಿಂದೆ ಪರದೆ ಕಟ್ಟಿ ಗೊಂಬೆ ಆಡಿಸ್ತೀವಿ. ನಮಗೆ ಯಾವ ಯೋಜನೆಯಲ್ಲಿ ದುಡ್ಡು ಸಿಗುತ್ತೆ?" ಕೆಲವರು ಕೆನಡಾದ ಯಾವುದೋ ಪ್ರಕಟಣೆಯ ಲಿಂಕ್ ಕಳಿಸಿ, "ಇದರಲ್ಲಿ ಸರ್ಕಸ್ ಅಂತಾನೇ ಬರೆದಿದೆ, ಹಾಕಬಹುದಾ?" ಎಂದು ಕೇಳುತ್ತಾರೆ.

ಆ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೆನಡಾದ ರಾಷ್ಟ್ರೀಯ ಕಲಾ ಮಂಡಳಿ ಸರ್ಕಸ್ಸನ್ನು ನಾಟಕ, ನೃತ್ಯದ ಸಾಲಿನಲ್ಲೇ ಒಂದು ಕಲೆ ಎಂದು ಗುರುತಿಸುತ್ತದೆ. ಆದರೆ ಆ ಹಣ ಅಲ್ಲಿನ ಪ್ರಜೆಗಳಿಗೆ ಮತ್ತು ಅಲ್ಲಿ ಕಾಯಂ ನೆಲೆಸಿದವರಿಗೆ. ಸಿರುಗುಪ್ಪದಲ್ಲೋ ಗಂಗಾವತಿಯಲ್ಲೋ ಇರುವವರು ಅದಕ್ಕೆ ಸಮಯ ಕಳೆಯುವುದು ಬೇಡ. ಯಾವುದೇ ಪ್ರಕಟಣೆ ಕಂಡರೂ "ಯಾರು ಅರ್ಹರು" ಎನ್ನುವ ಭಾಗವನ್ನು ಮೊದಲು ಓದಿ. ಮಿಕ್ಕಿದ್ದು ಆಮೇಲೆ.

ನಮ್ಮ ದೇಶದ ಅರ್ಜಿಗಳಲ್ಲಿ "ಸರ್ಕಸ್" ಎನ್ನುವ ಖಾನೆ ಸಾಮಾನ್ಯವಾಗಿ ಇರುವುದಿಲ್ಲ. ನಾಲ್ಕು ಕಲೆ ಬೆರೆಸಿ ಕೆಲಸ ಮಾಡುವವರಿಗೂ ಸುಲಭದ ಜಾಗ ಇಲ್ಲ. ಹಾಗಂತ ದಾರಿ ಇಲ್ಲ ಎಂದಲ್ಲ. ಒಳ್ಳೆಯ ಕಲಾವಿದರ ಅರ್ಜಿಗಳು ಬಿದ್ದುಹೋಗುವುದನ್ನು ನೋಡಿದ್ದೇನೆ. ಹೆಚ್ಚಿನವು ಬಿದ್ದದ್ದು ತಪ್ಪು ಯೋಜನೆಗೆ ಹೋಗಿದ್ದಕ್ಕೆ, ಇಲ್ಲವೇ ಓದಿದವರ ಕಣ್ಣಿಗೆ ಆ ಆಟ ಕಟ್ಟದೇ ಇದ್ದದ್ದಕ್ಕೆ. ಇವೆರಡನ್ನೂ ಸರಿಪಡಿಸಬಹುದು.

ಒಂದು ಮಾತು ಸ್ಪಷ್ಟವಾಗಿರಲಿ. ಅನುದಾನ ಎಂದರೆ ತೀರಿಸಬೇಕಿಲ್ಲದ ಹಣ, ಆದರೆ ಲೆಕ್ಕ ಕೊಡಲೇಬೇಕಾದ ಹಣ. ಅದು ಸಾಲವಲ್ಲ, ಸನ್ಮಾನದ ಹಮ್ಮಿಣಿಯೂ ಅಲ್ಲ.

ಹಂತ 1: ದುಡ್ಡು ಯಾತಕ್ಕೆ ಬೇಕು ಎಂದು ತೀರ್ಮಾನಿಸಿ

"ಕಲೆಗೆ ಸಹಾಯ ಬೇಕು" ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮಗೆ ಬೇಕಾದದ್ದು ಇವುಗಳಲ್ಲಿ ಯಾವುದು?

ಒಬ್ಬರೇ ಕಲಿಯಲು ಅಥವಾ ಅಧ್ಯಯನ ಮಾಡಲು ತಿಂಗಳ ಹಣ. ಹೊಸ ಪ್ರದರ್ಶನ ಕಟ್ಟಲು ಒಂದು ಸಲದ ಹಣ. ಗುರು ಮತ್ತು ಶಿಷ್ಯರು ಇರುವ ತಂಡವನ್ನು ವರ್ಷವಿಡೀ ನಡೆಸಲು ಹಣ. ವಾದ್ಯ, ವೇಷಭೂಷಣ, ಹಗ್ಗ, ಕಂಬ ಕೊಳ್ಳಲು ಹಣ. ವಯಸ್ಸಾದ ಕಲಾವಿದರಿಗೆ ಜೀವನಾಧಾರ.

ಈ ಐದಕ್ಕೂ ಬೇರೆ ಬೇರೆ ಯೋಜನೆಗಳಿವೆ. ಮಾಸಾಶನದ ಅರ್ಜಿಯಲ್ಲಿ ಹೊಸ ಆಟದ ಕನಸು ಬರೆದರೆ ಪ್ರಯೋಜನವಿಲ್ಲ. ಹೊಸ ಪ್ರದರ್ಶನದ ಅರ್ಜಿಯಲ್ಲಿ ಮನೆಯ ಕಷ್ಟ ಬರೆದರೂ ಅಷ್ಟೇ. ನಮ್ಮ ಕಡೆ ಎರಡನೇ ತಪ್ಪು ಜಾಸ್ತಿ. ಕಷ್ಟ ನಿಜವೇ, ಆದರೆ ಆಯ್ಕೆ ಮಾಡುವವರು ಆ ಅರ್ಜಿಯಲ್ಲಿ ಹುಡುಕುವುದು ಕೆಲಸವನ್ನು.

ಹಂತ 2: ಯಾವ ಬಾಗಿಲು ತಟ್ಟಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

*ಕೇಂದ್ರ ಸರ್ಕಾರ.* ಸಂಸ್ಕೃತಿ ಸಚಿವಾಲಯದ ಹೆಚ್ಚಿನ ಯೋಜನೆಗಳು "ಕಲಾ ಸಂಸ್ಕೃತಿ ವಿಕಾಸ ಯೋಜನೆ" ಎನ್ನುವ ಒಂದೇ ಹೆಸರಿನ ಕೆಳಗೆ ಬರುತ್ತವೆ. ನಮಗೆ ಮುಖ್ಯವಾದವು ಇವು.

ಯುವ ಕಲಾವಿದರ ವಿದ್ಯಾರ್ಥಿವೇತನ: 18ರಿಂದ 25 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಗುರುವಿನ ಬಳಿ ಅಥವಾ ಸಂಸ್ಥೆಯಲ್ಲಿ ಕನಿಷ್ಠ ಐದು ವರ್ಷ ಕಲಿತಿರಬೇಕು. ಮನೆಯಲ್ಲೇ ಅಪ್ಪನಿಂದಲೋ ಅಜ್ಜನಿಂದಲೋ ಕಲಿತಿದ್ದರೆ ಅವರೇ ಗುರು. ಹಾಗೆಂದು ಪತ್ರ ಬರೆಸಿಕೊಳ್ಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ.

ಫೆಲೋಶಿಪ್, ಅಂದರೆ ಅಧ್ಯಯನ ವೇತನ: 25ರಿಂದ 40 ವರ್ಷದವರಿಗೆ ಕಿರಿಯ ಫೆಲೋಶಿಪ್, ತಿಂಗಳಿಗೆ 10,000 ರೂಪಾಯಿ. 40 ದಾಟಿದವರಿಗೆ ಹಿರಿಯ ಫೆಲೋಶಿಪ್, ತಿಂಗಳಿಗೆ 20,000 ರೂಪಾಯಿ. ಇವೂ ಎರಡು ವರ್ಷದವು. ಪ್ರದರ್ಶನಕ್ಕೆ ಸಂಬಂಧಿಸಿದ ಸಂಶೋಧನೆಗೂ ಇಲ್ಲಿ ಅವಕಾಶ ಇದೆ. ಹಾಗಾಗಿ ಡಿಗ್ರಿ ಇಲ್ಲ ಎಂದು ಹಿಂದೆ ಸರಿಯುವ ಮುನ್ನ ಪ್ರಕಟಣೆಯನ್ನು ಪೂರ್ತಿ ಓದಿ. ವಿದ್ಯಾರ್ಥಿವೇತನ ಮತ್ತು ಫೆಲೋಶಿಪ್ ಎರಡನ್ನೂ ದೆಹಲಿಯ ಸಿ.ಸಿ.ಆರ್.ಟಿ. ಎನ್ನುವ ಕೇಂದ್ರ ಸಂಸ್ಥೆ ನೋಡಿಕೊಳ್ಳುತ್ತದೆ. ಹಣ ತಿಂಗಳು ತಿಂಗಳು ಬರುವುದಿಲ್ಲ, ಆರು ತಿಂಗಳಿಗೊಮ್ಮೆ ಕಂತಿನಲ್ಲಿ ಬರುತ್ತದೆ. ಮನೆ ಖರ್ಚಿನ ಲೆಕ್ಕವನ್ನು ಅದಕ್ಕೆ ತಕ್ಕಂತೆ ಹಾಕಿಕೊಳ್ಳಿ.

ಗುರು ಶಿಷ್ಯ ಪರಂಪರೆಯ ರೆಪರ್ಟರಿ ಅನುದಾನ: ರೆಪರ್ಟರಿ ಎಂದರೆ ವರ್ಷವಿಡೀ ತಾಲೀಮು ಮಾಡಿ ಪ್ರದರ್ಶನ ಕೊಡುವ ಕಾಯಂ ತಂಡ. ಗುರುವಿಗೆ ತಿಂಗಳಿಗೆ 15,000, ಶಿಷ್ಯರಿಗೆ ವಯಸ್ಸಿನ ಪ್ರಕಾರ 2,000ದಿಂದ 10,000 ರೂಪಾಯಿವರೆಗೆ ಸಿಗುತ್ತದೆ.

ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ನಿರ್ಮಾಣ ಅನುದಾನ: ಹೊಸ ಪ್ರದರ್ಶನ, ಉತ್ಸವ, ಕಾರ್ಯಾಗಾರಕ್ಕೆ 5 ಲಕ್ಷ ರೂಪಾಯಿವರೆಗೆ. ವಿಶೇಷ ಸಂದರ್ಭದಲ್ಲಿ 20 ಲಕ್ಷದವರೆಗೂ ಇದೆ. ಆದರೆ ಮೊದಲ ಸಲಕ್ಕೇ ಅಷ್ಟು ಕೇಳಬೇಡಿ. ಇದು ಮತ್ತು ರೆಪರ್ಟರಿ ಎರಡೂ ನೋಂದಾಯಿತ ಸಂಸ್ಥೆಗಳಿಗೆ ಮಾತ್ರ, ಒಬ್ಬೊಬ್ಬರಿಗೆ ಕೊಡುವುದಿಲ್ಲ.

ಹಿರಿಯ ಕಲಾವಿದರ ನೆರವು: 60 ದಾಟಿದವರಿಗೆ ತಿಂಗಳಿಗೆ 6,000 ರೂಪಾಯಿವರೆಗೆ. ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು.

*ರಾಜ್ಯ ಸರ್ಕಾರ.* ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿ ಮೂರೂ ಜಿಲ್ಲೆಗಳಲ್ಲಿದೆ. ಅಲ್ಲಿನ ಮುಖ್ಯಸ್ಥರು ಸಹಾಯಕ ನಿರ್ದೇಶಕರು. ಸಂಘಗಳಿಗೆ ಧನಸಹಾಯ, 58 ದಾಟಿದ ಕಲಾವಿದರಿಗೆ ಮಾಸಾಶನ, ಪರಿಶಿಷ್ಟ ಜಾತಿ ಮತ್ತು ಪಂಗಡದ ಕಲಾವಿದರಿಗೆ ವಾದ್ಯ ಪರಿಕರ, ವೇಷಭೂಷಣ ಕೊಳ್ಳಲು ನೆರವು ಇಲ್ಲಿಂದ ಬರುತ್ತವೆ. ಅರ್ಜಿ ಸೇವಾ ಸಿಂಧು ಪೋರ್ಟಲ್ ಮೂಲಕ. ಬೆಂಗಳೂರಿಗೆ ಓಡಬೇಕಿಲ್ಲ, ಜಿಲ್ಲಾ ಕಚೇರಿಯಲ್ಲೇ ಮೊದಲು ಕೇಳಿ. ಇವಲ್ಲದೆ ಜಾನಪದ ಅಕಾಡೆಮಿ, ನಾಟಕ ಅಕಾಡೆಮಿ ಇವೆ. ದೊಡ್ಡಾಟ, ಸಣ್ಣಾಟ, ತೊಗಲುಗೊಂಬೆಯವರಿಗೆ ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ.

ದೊಂಬರು, ಸಿಳ್ಳೇಕ್ಯಾತರು, ಸಿಂಧೋಳ್ಳು ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಪ್ರಮಾಣಪತ್ರದಲ್ಲಿ ಜಾತಿಯ ಹೆಸರು ಪಟ್ಟಿಯಲ್ಲಿ ಇರುವ ಹಾಗೇ ಇರಬೇಕು. ಊರಲ್ಲಿ ಕರೆಯುವ ಹೆಸರು ಬೇರೆ, ಪಟ್ಟಿಯ ಹೆಸರು ಬೇರೆ ಆಗಿ ಅರ್ಜಿ ನಿಂತುಹೋಗುವುದುಂಟು.

*ವಲಯ ಸಾಂಸ್ಕೃತಿಕ ಕೇಂದ್ರಗಳು.* ಕರ್ನಾಟಕ ಎರಡು ಕೇಂದ್ರಗಳ ಸದಸ್ಯ ರಾಜ್ಯ. ಒಂದು ತಂಜಾವೂರಿನಲ್ಲಿದೆ, ಇನ್ನೊಂದು ನಾಗಪುರದಲ್ಲಿ. ಇವು ಹೊರರಾಜ್ಯದ ಉತ್ಸವಗಳಿಗೆ ತಂಡಗಳನ್ನು ಕರೆಸಿಕೊಂಡು ಸಂಭಾವನೆ, ಪ್ರಯಾಣ ವೆಚ್ಚ ಕೊಡುತ್ತವೆ. ತಂಡದ ಪರಿಚಯ, ವಿಡಿಯೊ ಎರಡೂ ಕಡೆ ಕಳಿಸಿಡಿ. ಇದು ಅನುದಾನವಲ್ಲ. ಆದರೆ ಮುಂದೆ ಅನುದಾನ ಕೇಳುವಾಗ ಇಲ್ಲಿಯ ಆಹ್ವಾನ ಪತ್ರಕ್ಕೆ ಬೆಲೆ ಬಹಳ.

*ಖಾಸಗಿ ಪ್ರತಿಷ್ಠಾನ.* ನನ್ನ ಅಭಿಪ್ರಾಯದಲ್ಲಿ ಹಲವು ಕಲೆ ಬೆರೆಸಿ ಕೆಲಸ ಮಾಡುವವರು ಮೊದಲು ನೋಡಬೇಕಾದದ್ದು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. ಚಿಕ್ಕದಾಗಿ ಐ.ಎಫ್.ಎ. 1993ರಲ್ಲಿ ಶುರುವಾಗಿ 1995ರಿಂದ ಅನುದಾನ ಕೊಡುತ್ತಿದೆ. ಒಬ್ಬ ಕಲಾವಿದರೂ ಅರ್ಜಿ ಹಾಕಬಹುದು, ಕನ್ನಡದಲ್ಲೇ ಬರೆಯಬಹುದು. ಕಲಾ ಪ್ರಯೋಗದ ವಿಭಾಗದಲ್ಲಿ ಒಂದು ಕಲೆಯ ಗಡಿ ದಾಟುವ ಕೆಲಸಕ್ಕೆ ಜಾಗ ಇದೆ. ಸರ್ಕಾರಿ ಶಾಲೆಯ ಮಕ್ಕಳ ಜೊತೆ ಕಲೆಯ ಕೆಲಸ ಮಾಡುವವರಿಗೆ "ಕಲಿ ಕಲಿಸು" ಎಂಬ ಕಾರ್ಯಕ್ರಮ ಇದೆ. ಶಾಲೆಯ ಮೇಷ್ಟ್ರ ಜೊತೆ ಒಳ್ಳೆಯ ಒಡನಾಟ ಇರುವ ಹಳ್ಳಿಯ ಕಲಾವಿದರು ಇದನ್ನು ಗಮನಿಸಿ.

*ಕಂಪನಿಗಳ ಸಿ.ಎಸ್.ಆರ್. ಹಣ.* ಸಿ.ಎಸ್.ಆರ್. ಎಂದರೆ ದೊಡ್ಡ ಕಂಪನಿಗಳು ತಮ್ಮ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎನ್ನುವ ನಿಯಮ. 2013ರ ಕಂಪನಿ ಕಾಯ್ದೆಯ 135ನೇ ಕಲಂ. ಯಾವುದಕ್ಕೆ ಖರ್ಚು ಮಾಡಬಹುದು ಎನ್ನುವ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಯೂ ಇದೆ. ನಮ್ಮ ಭಾಗದಲ್ಲಿ ತೋರಣಗಲ್ಲಿನ ಜೆ.ಎಸ್.ಡಬ್ಲ್ಯೂ., ದೋಣಿಮಲೈಯ ಎನ್.ಎಂ.ಡಿ.ಸಿ., ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂಥ ದೊಡ್ಡ ಉದ್ಯಮಗಳಿವೆ. ಕಂಪನಿಗಳು ಸಾಮಾನ್ಯವಾಗಿ ತಮ್ಮ ಸುತ್ತಲಿನ ಹಳ್ಳಿಗಳಿಗೆ ಆದ್ಯತೆ ಕೊಡುತ್ತವೆ. ನಿಮ್ಮ ತಾಲೀಮು, ಪ್ರದರ್ಶನ ಆ ಹಳ್ಳಿಗಳಲ್ಲಿ ನಡೆಯುತ್ತದೆ ಎಂದು ತೋರಿಸಿ. ಈ ಹಣ ಪಡೆಯುವ ಸಂಸ್ಥೆ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಸಿ.ಎಸ್.ಆರ್.-1 ಎಂಬ ನಮೂನೆ ಸಲ್ಲಿಸಿ ಸಂಖ್ಯೆ ಪಡೆದಿರಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ.

*ವಿದೇಶದ ಹಣ.* ಇಲ್ಲಿ ಎಚ್ಚರ ಬೇಕು. ವಿದೇಶಿ ದೇಣಿಗೆ ಪಡೆಯಲು ಎಫ್.ಸಿ.ಆರ್.ಎ. ಎಂಬ ಕಾಯ್ದೆಯಡಿ ಗೃಹ ಸಚಿವಾಲಯದ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. ಅದಿಲ್ಲದೆ ಸಂಘದ ಖಾತೆಗೆ ಹಣ ಹಾಕಿಸಿಕೊಂಡರೆ ಅಪರಾಧ. ಸ್ನೇಹಿತರ ಖಾತೆಗೆ ಹಾಕಿಸಿಕೊಳ್ಳುವ ಉಪಾಯ ಯಾರಾದರೂ ಹೇಳಿದರೆ ಕೇಳಲೇಬೇಡಿ.

ಹಂತ 3: ನಿಮ್ಮ ಕೆಲಸಕ್ಕೆ ಸರಿಯಾದ ಖಾನೆ ಆರಿಸಿ

ಅರ್ಜಿಯಲ್ಲಿ ಸಂಗೀತ, ನೃತ್ಯ, ರಂಗಭೂಮಿ, ಜಾನಪದ ಮತ್ತು ಸಾಂಪ್ರದಾಯಿಕ ಕಲೆ, ದೃಶ್ಯಕಲೆ ಎಂದು ಖಾನೆಗಳಿರುತ್ತವೆ. ಎಲ್ಲವನ್ನೂ ಟಿಕ್ ಮಾಡಲು ಆಗುವುದಿಲ್ಲ. ಒಂದನ್ನು ಆರಿಸಬೇಕು. ಯಾವ ಖಾನೆಗೆ ಟಿಕ್ ಹಾಕುತ್ತೀರೋ ಆ ಕ್ಷೇತ್ರದ ತಜ್ಞರು ನಿಮ್ಮ ಅರ್ಜಿ ಓದುತ್ತಾರೆ. ಇದನ್ನು ನೆನಪಿಟ್ಟುಕೊಂಡು ತೀರ್ಮಾನಿಸಿ.

ಮನೆತನದಿಂದ ಬಂದ ಹಗ್ಗದ ನಡಿಗೆ, ಗಳೆ ಆಟ, ಹಗಲುವೇಷ, ತೊಗಲುಗೊಂಬೆ ಇದ್ದರೆ ಜಾನಪದ ಮತ್ತು ಸಾಂಪ್ರದಾಯಿಕ ಕಲೆ ಸರಿ. ದೇಹದ ಕಸರತ್ತನ್ನು ಕಥೆ ಹೇಳಲು ಬಳಸುತ್ತಿದ್ದರೆ ರಂಗಭೂಮಿ. ಮೂಕಾಭಿನಯವೂ ರಂಗಭೂಮಿಯಲ್ಲೇ ಬರುತ್ತದೆ. ಮಲ್ಲಕಂಬವನ್ನು ಸ್ಪರ್ಧೆಗಾಗಿ ಮಾಡುತ್ತಿದ್ದರೆ ಅದು ಕ್ರೀಡೆ. 2020ರಲ್ಲಿ ಅದನ್ನು ಖೇಲೋ ಇಂಡಿಯಾ ಕ್ರೀಡಾಕೂಟಕ್ಕೆ ಸೇರಿಸಲಾಯಿತು. ಅಂಥವರು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಡೆ ಹೋಗಬೇಕು. ಅದೇ ಮಲ್ಲಕಂಬದ ಮೇಲೆ ಕಥೆಯೊಂದನ್ನು ಕಟ್ಟಿದ್ದರೆ ಮತ್ತೆ ರಂಗಭೂಮಿಗೇ ಬನ್ನಿ.

ಕಲೆ ಬೆರೆಸುವುದಕ್ಕೆ ಅಂಜಬೇಕಿಲ್ಲ. ನಮ್ಮ ಮಣ್ಣಿನಲ್ಲಿ ಅದು ಹೊಸದೇನೂ ಅಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟದ ಕಥೆಯನ್ನು ತೊಗಲುಗೊಂಬೆಗೆ ತಂದರು, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ ಪಡೆದರು. ದರೋಜಿ ಈರಮ್ಮನವರ ಬುರ್ರಕಥೆಯಲ್ಲಿ ಹಾಡು, ಕಥೆ, ಕುಣಿತ, ವಾದ್ಯ ಒಟ್ಟಿಗೇ ಇದ್ದವು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಪ್ರಯೋಗ ಯಾವ ಪರಂಪರೆಯಿಂದ ಬಂದಿದೆ ಎಂದು ಎರಡು ಸಾಲು ಬರೆಯಿರಿ. ದೆಹಲಿಯಲ್ಲಿ ಓದುವವರಿಗೆ ಅದು ಗೊತ್ತಿರುವುದಿಲ್ಲ.

ಹಂತ 4: ಕಾಗದಪತ್ರ

ಒಬ್ಬರೇ ಹಾಕುವುದಾದರೆ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ವಯಸ್ಸಿನ ದಾಖಲೆ, ಫೋಟೊ ಬೇಕು. ಬೇಕಿದ್ದಲ್ಲಿ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಎಲ್ಲದರಲ್ಲೂ ಹೆಸರು ಒಂದೇ ಥರ ಇರಲಿ. ಆಧಾರ್‌ನಲ್ಲಿ ಹನುಮಂತಪ್ಪ, ಬ್ಯಾಂಕಿನಲ್ಲಿ ಹನುಮಂತ, ಸನ್ಮಾನ ಪತ್ರದಲ್ಲಿ ಊರ ಹೆಸರು ಸೇರಿಸಿದ ಇನ್ನೊಂದು ಹೆಸರು ಇದ್ದರೆ ಅದು ಒಬ್ಬರೇ ಎಂದು ಯಾರು ನಂಬುತ್ತಾರೆ? ಅರ್ಜಿ ಕರೆಯುವುದಕ್ಕೂ ಮೊದಲೇ ಸರಿಪಡಿಸಿಕೊಳ್ಳಿ. ಕೊನೆಯ ವಾರದಲ್ಲಿ ಇದು ಆಗುವ ಕೆಲಸವಲ್ಲ. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಎಂದು ಬ್ಯಾಂಕಿನಲ್ಲಿ ಕೇಳಿ. ಬಳಸದೆ ಬಿಟ್ಟ ಖಾತೆ ಕೊಡಬೇಡಿ.

ತಂಡವಾಗಿ ಹಾಕುವುದಾದರೆ ಸಂಘ ಅಥವಾ ಟ್ರಸ್ಟ್ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘಕ್ಕೆ ಕನಿಷ್ಠ ಏಳು ಜನ ಸದಸ್ಯರಿರಬೇಕು. ನೋಂದಣಿ ಜಿಲ್ಲಾ ಕೇಂದ್ರದಲ್ಲಿರುವ ಸಂಘಗಳ ನೋಂದಣಾಧಿಕಾರಿಗಳ ಕಚೇರಿಯಲ್ಲಿ. ಟ್ರಸ್ಟ್ ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ. ಆಮೇಲೆ ಸಂಘದ ಹೆಸರಿನಲ್ಲಿ ಪಾನ್, ಬ್ಯಾಂಕ್ ಖಾತೆ, ನೀತಿ ಆಯೋಗದ ಎನ್.ಜಿ.ಒ. ದರ್ಪಣ್ ಪೋರ್ಟಲ್‌ನಲ್ಲಿ ಗುರುತಿನ ಸಂಖ್ಯೆ. ದರ್ಪಣ್ ಸಂಖ್ಯೆ ಇಲ್ಲದೆ ಕೇಂದ್ರದ ಅನುದಾನದ ಅರ್ಜಿ ಮುಂದೆ ಹೋಗುವುದಿಲ್ಲ. ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ಎಂಬ ಎರಡು ನೋಂದಣಿಗಳೂ ಇರಲಿ. ಮೊದಲನೆಯದು ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ, ಎರಡನೆಯದು ದಾನ ಕೊಟ್ಟವರಿಗೆ ವಿನಾಯಿತಿ. ಸಿ.ಎಸ್.ಆರ್. ಹಣಕ್ಕೆ ಇವು ಬೇಕೇ ಬೇಕು.

ಹೆಚ್ಚಿನ ಯೋಜನೆಗಳು ಸಂಘಕ್ಕೆ ಮೂರು ವರ್ಷ ತುಂಬಿರಬೇಕು ಎನ್ನುತ್ತವೆ, ಮೂರು ವರ್ಷದ ಲೆಕ್ಕಪತ್ರ ಕೇಳುತ್ತವೆ. ಆದ್ದರಿಂದ ಇವತ್ತು ಅರ್ಜಿ ಹಾಕುವ ವಿಚಾರ ಇಲ್ಲದಿದ್ದರೂ ಸಂಘವನ್ನು ಇವತ್ತೇ ನೋಂದಣಿ ಮಾಡಿಸಿ. ನೋಂದಣಿ ಮಾಡಿಸಿ ಸುಮ್ನೆ ಕೂತರೂ ಆಗದು. ಪ್ರತಿ ವರ್ಷ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರವನ್ನು ಆ ಕಚೇರಿಗೆ ಸಲ್ಲಿಸಬೇಕು. ಖರ್ಚೇ ಇಲ್ಲದ ವರ್ಷವೂ ಲೆಕ್ಕ ಬರೆಸಿ.

ಹಳೆಯ ಸಂಘವೊಂದರ ನೋಂದಣಿ ಪತ್ರವನ್ನು ಬಾಡಿಗೆಗೆ ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಹಣ ಆ ಸಂಘದ ಖಾತೆಗೆ ಹೋಗುತ್ತದೆ, ಜವಾಬ್ದಾರಿ ಮಾತ್ರ ನಿಮ್ಮ ಹೆಗಲಿಗೆ ಬರುತ್ತದೆ. ಬೇಡ.

ಹಂತ 5: ಆಡಿದ್ದಕ್ಕೆ ಸಾಕ್ಷಿ ಇಟ್ಟುಕೊಳ್ಳಿ

ಹಂಪಿ ಉತ್ಸವ, ಆನೆಗೊಂದಿ ಉತ್ಸವ, ಊರ ಜಾತ್ರೆ ಎಲ್ಲಿಯೇ ಆಡಿದರೂ ಆಹ್ವಾನ ಪತ್ರ, ಪ್ರಮಾಣಪತ್ರ, ಸಂಭಾವನೆಯ ಪತ್ರ ಕೇಳಿ ತೆಗೆದುಕೊಳ್ಳಿ. ಜಾತ್ರೆಯಲ್ಲಿ ಆಡಿದ್ದಕ್ಕೆ ದೇವಸ್ಥಾನದ ಸಮಿತಿಯವರೋ ಗ್ರಾಮ ಪಂಚಾಯಿತಿಯವರೋ ಒಂದು ಪತ್ರ ಬರೆದುಕೊಡಬಹುದು. ಪತ್ರಿಕೆಯ ತುಣುಕು ಇಡುವಾಗ ಪತ್ರಿಕೆಯ ಹೆಸರು, ದಿನಾಂಕ ಕಾಣುವ ಹಾಗೆ ಫೋಟೊ ತೆಗೆಯಿರಿ.

ವಿಡಿಯೊ ಎಲ್ಲಕ್ಕಿಂತ ಮುಖ್ಯ. ಸರ್ಕಸ್, ಕಸರತ್ತು, ಗೊಂಬೆಯಾಟವನ್ನು ಬರಹದಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಮೂರರಿಂದ ಐದು ನಿಮಿಷ ಸಾಕು. ಮೊಬೈಲನ್ನು ಅಡ್ಡ ಹಿಡಿಯಿರಿ, ಸ್ಟ್ಯಾಂಡ್ ಮೇಲಿಡಿ. ಆಟದ ಒಂದು ಭಾಗವನ್ನು ಎಲ್ಲೂ ಕತ್ತರಿಸದೆ ತೋರಿಸಿ. ಕಸರತ್ತಿನ ವಿಡಿಯೊದಲ್ಲಿ ನಡುವೆ ಕತ್ತರಿಸಿದರೆ ನಿಜವಾಗಿ ಮಾಡಿದ್ದಾರಾ ಎಂಬ ಅನುಮಾನ ಬರುತ್ತದೆ. ಸಿನಿಮಾ ಹಾಡು ಹಾಕಬೇಡಿ. ಡೋಲು, ಮುಖವೀಣೆ, ನಿಮ್ಮ ದನಿ, ಜನರ ಚಪ್ಪಾಳೆ ಹಾಗೇ ಕೇಳಲಿ. ಲಿಂಕ್ ಕಳಿಸುವ ಮೊದಲು ಬೇರೆಯವರ ಮೊಬೈಲಿನಲ್ಲಿ ತೆರೆದು ನೋಡಿ. ಅನುಮತಿ ಕೊಡದ ಲಿಂಕ್ ತೆರೆಯುವುದಿಲ್ಲ, ಆಯ್ಕೆ ಮಾಡುವವರು ಫೋನ್ ಮಾಡಿ ಕೇಳುವುದೂ ಇಲ್ಲ.

ಹಂತ 6: ಏನು ಮಾಡುತ್ತೀರಿ ಎಂದು ಬರೆಯಿರಿ

ಇಲ್ಲಿಯೇ ಹೆಚ್ಚು ಜನ ಎಡವುವುದು. ಒಂದು ಉದಾಹರಣೆ ನೋಡಿ. ಅರ್ಜಿಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ:

"ನಶಿಸಿ ಹೋಗುತ್ತಿರುವ ನಮ್ಮ ಭವ್ಯ ಕಲಾ ಪರಂಪರೆಯನ್ನು ಉಳಿಸಿ ಬೆಳೆಸುವ ಸದುದ್ದೇಶದಿಂದ ನಮ್ಮ ತಂಡವು ಅನೇಕ ಕಾರ್ಯಕ್ರಮಗಳನ್ನು ಹಮ್ಮಿಕೊಂಡಿದ್ದು ತಾವು ದಯಮಾಡಿ ಸಹಕರಿಸಬೇಕಾಗಿ ವಿನಂತಿ."

ಇದನ್ನು ಓದಿದವರಿಗೆ ಏನು ಕಂಡಿತು? ಏನೂ ಇಲ್ಲ. ಈಗ ಇದನ್ನು ಓದಿ:

"ನಾವು ಆರು ಜನ. ಮೂವರು ಹಗ್ಗದ ಮೇಲೆ ನಡೆಯುವವರು, ಇಬ್ಬರು ತೊಗಲುಗೊಂಬೆ ಆಡಿಸುವವರು, ಒಬ್ಬರು ಬುರ್ರಕಥೆ ಹೇಳುವವರು. ತುಂಗಭದ್ರೆಯ ಅಣೆಕಟ್ಟು ಕಟ್ಟಿದಾಗ ಊರು ಬಿಟ್ಟ ಒಂದು ಕುಟುಂಬದ ಕಥೆಯನ್ನು 40 ನಿಮಿಷದ ಆಟವಾಗಿ ಕಟ್ಟುತ್ತೇವೆ. ಹಗ್ಗದ ಮೇಲೆ ನಡೆಯುವವರ ನೆರಳು ಗೊಂಬೆಯ ಪರದೆಯ ಮೇಲೆ ಬೀಳುತ್ತದೆ, ಗೊಂಬೆ ಮತ್ತು ಮನುಷ್ಯ ಒಂದೇ ಪರದೆಯಲ್ಲಿ ಕಾಣುತ್ತಾರೆ. 40 ದಿನ ತಾಲೀಮು. ಆಮೇಲೆ ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಯ ಐದು ಹಳ್ಳಿಗಳಲ್ಲಿ ಪ್ರದರ್ಶನ."

ಆಟ ಕಣ್ಣಿಗೆ ಕಟ್ಟಿತು ಅಲ್ವಾ? ಇದರಲ್ಲಿ ದೊಡ್ಡ ಮಾತು ಒಂದೂ ಇಲ್ಲ. ಯಾರು, ಏನು, ಎಲ್ಲಿ, ಎಷ್ಟು ದಿನ, ಕಲೆಗಳು ಯಾಕೆ ಒಟ್ಟಿಗೆ ಬರುತ್ತಿವೆ, ಅಷ್ಟೇ. ಕೊನೆಯದನ್ನು ಮರೆಯಬೇಡಿ. ಹಗ್ಗವೂ ಇದೆ, ಗೊಂಬೆಯೂ ಇದೆ ಎಂದರೆ ಸಾಲದು. ಎರಡೂ ಸೇರಿದಾಗ, ಒಂದೊಂದೇ ಇದ್ದಾಗ ಸಿಗದ್ದು ಏನು ಸಿಗುತ್ತದೆ? ಅದಕ್ಕೆ ಉತ್ತರ ನಿಮ್ಮಲ್ಲಿ ಇಲ್ಲದಿದ್ದರೆ ಇನ್ನೂ ತಾಲೀಮು ಬೇಕು, ಅರ್ಜಿ ಆಮೇಲೆ ಹಾಕಿ.

ಕೇಂದ್ರದ ಅರ್ಜಿಗಳನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕಾಗುತ್ತದೆ. ಮೊದಲು ಕನ್ನಡದಲ್ಲಿ, ನಿಮ್ಮ ಮಾತಿನಲ್ಲೇ ಬರೆಯಿರಿ. ಬರೆಯಲು ಬಾರದಿದ್ದರೆ ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡಿ, ಕಾಲೇಜು ಹುಡುಗರಿಂದ ಬರೆಸಿ. ಆಮೇಲೆ ಅನುವಾದ. ಅನುವಾದ ಮಾಡಿದವರನ್ನು ಕೂರಿಸಿಕೊಂಡು ಸಾಲು ಸಾಲಿನ ಅರ್ಥ ಕೇಳಿ. ನೀವು ಹೇಳದ ಪ್ರಶಸ್ತಿ, ಆಡದ ಊರು ಅದರಲ್ಲಿ ಸೇರಿದ್ದರೆ ತೆಗೆಸಿ.

ಹಂತ 7: ಬಜೆಟ್

ಮೇಲಿನ ಉದಾಹರಣೆಗೇ 3 ಲಕ್ಷ ರೂಪಾಯಿಯ ಒಂದು ಬಜೆಟ್ ಹಾಕೋಣ. ದರಗಳು ಸುಮ್ನೆ ಲೆಕ್ಕಕ್ಕೆ. ನಿಮ್ಮೂರಿನ ದರ ವಿಚಾರಿಸಿ ಹಾಕಿಕೊಳ್ಳಿ.

- ಕಲಾವಿದರ ಗೌರವಧನ: 6 ಜನ, 40 ದಿನ, ದಿನಕ್ಕೆ 500 ರೂಪಾಯಿ: 1,20,000
- ಹಗ್ಗ, ಕಂಬ, ಸುರಕ್ಷತಾ ಬೆಲ್ಟ್, ಮ್ಯಾಟ್: 45,000
- ಗೊಂಬೆ, ಪರದೆ, ವೇಷಭೂಷಣ: 35,000
- ಐದು ಪ್ರದರ್ಶನಗಳ ವಾಹನ, ಊಟ, ತಲಾ 6,000: 30,000
- ಐದು ಪ್ರದರ್ಶನಗಳ ಧ್ವನಿ, ಬೆಳಕು, ತಲಾ 5,000: 25,000
- ವಿಡಿಯೊ ದಾಖಲೆ: 15,000
- ವಿಮೆ, ಪ್ರಥಮ ಚಿಕಿತ್ಸೆ: 10,000
- ತಾಲೀಮು ಜಾಗದ ಬಾಡಿಗೆ: 8,000
- ಲೆಕ್ಕ ಪರಿಶೋಧಕರ ಶುಲ್ಕ: 7,000
- ಇತರೆ: 5,000

ಗೌರವಧನದ ಸಾಲು ಮೇಲೆ ಇರುವುದನ್ನು ನೋಡಿ. ನಮ್ಮ ತಂಡಗಳು ಶಾಮಿಯಾನ, ಬ್ಯಾನರ್, ಹಾರ ತುರಾಯಿಗೆ ದುಡ್ಡು ಬರೆಯುತ್ತವೆ, ತಮ್ಮ ದುಡಿಮೆಗೆ ಬರೆಯುವುದಿಲ್ಲ. ನಲವತ್ತು ದಿನ ಕೂಲಿ ಬಿಟ್ಟು ತಾಲೀಮು ಮಾಡುವವರಿಗೆ ಹಣ ಬೇಡವೇ? ನಾಚಿಕೆ ಪಡದೆ ಬರೆಯಿರಿ. ನಿಯಮದಲ್ಲಿ ಮಿತಿ ಇದ್ದರೆ ಅದರೊಳಗೆ ಬರೆಯಿರಿ.

"ಇತರೆ" ಎನ್ನುವ ಸಾಲು ಚಿಕ್ಕದಿರಲಿ. ದುಬಾರಿ ಸಾಮಾನಿಗೆ ಅಂಗಡಿಯ ದರಪಟ್ಟಿ ಲಗತ್ತಿಸಿ. ಕೆಲವು ಯೋಜನೆಗಳು ಒಟ್ಟು ಖರ್ಚಿನ ಒಂದು ಪಾಲನ್ನು ಸಂಘವೇ ಹಾಕಬೇಕು ಎನ್ನುತ್ತವೆ. ಅದು ಎಷ್ಟು, ಎಲ್ಲಿಂದ ಬರುತ್ತದೆ ಎಂದು ಬರೆಯಿರಿ. ಒಂದೇ ಖರ್ಚನ್ನು ಎರಡು ಅನುದಾನದಲ್ಲಿ ತೋರಿಸಬೇಡಿ.

ಹಂತ 8: ಸುರಕ್ಷತೆ, ಮಕ್ಕಳು, ಪ್ರಾಣಿಗಳು

ಎತ್ತರದ ಮೇಲೆ ಆಡುವವರ ಅರ್ಜಿಯಲ್ಲಿ ಈ ಭಾಗ ಇರಲೇಬೇಕು. ಕೇಳದಿದ್ದರೂ ಬರೆಯಿರಿ. ಕಂಬವನ್ನು ಯಾರು ಪರೀಕ್ಷಿಸುತ್ತಾರೆ, ಹಗ್ಗವನ್ನು ಯಾವಾಗ ಬದಲಿಸುತ್ತೀರಿ, ಬಿದ್ದರೆ ಹತ್ತಿರದ ಆಸ್ಪತ್ರೆ ಯಾವುದು, ಇಷ್ಟು ಸಾಕು.

ತಂಡದ ಪ್ರತಿಯೊಬ್ಬರಿಗೂ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿ. 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆದರೆ 2 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ 1 ಲಕ್ಷ ರೂಪಾಯಿ. ಬ್ಯಾಂಕಿನಲ್ಲೇ ಆಗುತ್ತದೆ. ಆದರೆ ಇದರಲ್ಲಿ ಆಸ್ಪತ್ರೆ ಖರ್ಚು ಸಿಗುವುದಿಲ್ಲ. ಅದಕ್ಕೇ ಬಜೆಟ್‌ನಲ್ಲಿ ಬೇರೆ ವಿಮೆಯ ಸಾಲು ಹಾಕಿದ್ದು.

ಮಕ್ಕಳ ವಿಷಯ ಗಂಭೀರವಾದದ್ದು. 2011ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಸ್‌ಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಲು ಆದೇಶಿಸಿತು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನ ಮಕ್ಕಳು ಸಿನಿಮಾ, ಟಿವಿಯಂಥ ಕಡೆ ಷರತ್ತಿನ ಮೇಲೆ ಕಲಾವಿದರಾಗಲು ಬಿಡುತ್ತದೆ, ಆದರೆ ಸರ್ಕಸ್ಸನ್ನು ಅದರಿಂದ ಹೊರಗಿಟ್ಟಿದೆ. ಮನೆಯ ಪುಟ್ಟ ಮಗು ಹಗ್ಗದ ಮೇಲೆ ನಡೆಯುವ ವಿಡಿಯೊ ನಿಮಗೆ ಹೆಮ್ಮೆಯದಾಗಿರಬಹುದು. ಅರ್ಜಿಗೆ ಅದನ್ನು ಲಗತ್ತಿಸಿದರೆ ಅರ್ಜಿ ಹೋಗುವುದಷ್ಟೇ ಅಲ್ಲ, ಕೇಸೂ ಬರಬಹುದು. ಮಗು ಶಾಲೆಗೆ ಹೋಗಲಿ. ದುಡಿಮೆಯ ಆಟದಲ್ಲಿ ದೊಡ್ಡವರಷ್ಟೇ ಇರಲಿ.

ಕರಡಿ, ಕೋತಿಯನ್ನು ಆಡಿಸುವುದಕ್ಕೆ ನಿಷೇಧ ಇದೆ. ಅರ್ಜಿಯಲ್ಲಿ ಅದರ ಸುದ್ದಿಯೇ ಬೇಡ.

ಹಂತ 9: ಸಲ್ಲಿಸುವುದು

ಸೈಬರ್ ಸೆಂಟರ್ ಅಥವಾ ಗ್ರಾಮ ಒನ್‌ನಲ್ಲಿ ಅರ್ಜಿ ಹಾಕಿಸುವಾಗ ನಿಮ್ಮದೇ ಮೊಬೈಲ್ ಸಂಖ್ಯೆ, ನಿಮ್ಮದೇ ಇಮೇಲ್ ಕೊಡಿ. ಅಂಗಡಿಯವರ ನಂಬರ್ ಹಾಕಿದರೆ ಮುಂದಿನ ಒ.ಟಿ.ಪಿ., ಸಂದರ್ಶನದ ಸೂಚನೆ ಎಲ್ಲ ಅವರಿಗೇ ಹೋಗುತ್ತದೆ. ಪಾಸ್‌ವರ್ಡನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಕೊನೆಯ ದಿನ ಪೋರ್ಟಲ್ ನಿಧಾನ ಆಗುತ್ತದೆ, ಒಂದು ವಾರ ಮೊದಲೇ ಮುಗಿಸಿ. ಸ್ವೀಕೃತಿ ಸಂಖ್ಯೆ ಬಂದ ಪುಟವನ್ನು ಪ್ರಿಂಟ್ ತೆಗೆಸಿಕೊಳ್ಳದೆ ಅಲ್ಲಿಂದ ಏಳಬೇಡಿ.

"ನಾನು ಮಾಡಿಸಿಕೊಡ್ತೀನಿ, ಬಂದಿದ್ದರಲ್ಲಿ ಇಷ್ಟು ಕೊಡಿ" ಎನ್ನುವವರಿಂದ ದೂರ ಇರಿ. ಅರ್ಜಿ ಬರೆದುಕೊಟ್ಟಿದ್ದಕ್ಕೆ, ಟೈಪ್ ಮಾಡಿದ್ದಕ್ಕೆ ಕೂಲಿ ಕೊಡುವುದು ಸರಿ. ಮಂಜೂರಾದ ಹಣದಲ್ಲಿ ಪಾಲು ಕೊಟ್ಟರೆ ಆ ಪಾಲಿಗೆ ಬಿಲ್ ಎಲ್ಲಿಂದ ತರುತ್ತೀರಿ? ಸುಳ್ಳು ಬಿಲ್ ಶುರುವಾಗುವುದು ಅಲ್ಲಿಂದಲೇ.

ಹಂತ 10: ಹಣ ಬಂದ ಮೇಲೆ

ಮಂಜೂರಾತಿ ಪತ್ರವನ್ನು ಪೂರ್ತಿ ಓದಿ, ಓದಿಸಿ. ಯಾವ ದಿನದೊಳಗೆ ಮುಗಿಸಬೇಕು, ಯಾವುದಕ್ಕೆ ಖರ್ಚು ಮಾಡಬಾರದು ಎಂದು ಅದರಲ್ಲಿರುತ್ತದೆ. ಸಾಧ್ಯವಿದ್ದಷ್ಟು ಹಣವನ್ನು ಖಾತೆಯಿಂದ ಖಾತೆಗೇ ಕೊಡಿ. ಸಂತೆಯಲ್ಲಿ ಬಿದಿರು ಕೊಂಡರೂ ಕೈಬರಹದ ರಸೀದಿ ಬರೆಸಿ, ಸಹಿ ಹಾಕಿಸಿ. ತಾಲೀಮಿನ ದಿನಗಳಿಗೆ ಹಾಜರಿ ಪುಸ್ತಕ ಇಡಿ.

ಕೊನೆಯಲ್ಲಿ ಯು.ಸಿ. ಕೇಳುತ್ತಾರೆ. ಯು.ಸಿ. ಎಂದರೆ ಹಣ ಬಳಕೆ ಪ್ರಮಾಣಪತ್ರ, ಕೊಟ್ಟ ಹಣ ಹೇಳಿದ ಕೆಲಸಕ್ಕೇ ಖರ್ಚಾಗಿದೆ ಎನ್ನುವ ದಾಖಲೆ. ಸಂಘಗಳು ಅದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಸಹಿ ಹಾಕಿಸಬೇಕು. ಇದನ್ನು ಕೊಡದಿದ್ದರೆ ಮುಂದಿನ ಕಂತು ಬರುವುದಿಲ್ಲ, ಮುಂದಿನ ವರ್ಷದ ಅರ್ಜಿಯನ್ನೂ ನೋಡುವುದಿಲ್ಲ. ಕಲಾವಿದರೊಬ್ಬರು ಕಾಲು ಮುರಿದುಕೊಂಡರು, ಮಳೆ ಬಂದು ಜಾತ್ರೆ ನಿಂತಿತು, ಹೀಗೆ ಏನಾದರೂ ಆಗಿ ಯೋಜನೆ ಬದಲಾಗುವುದು ಸಹಜ. ಬದಲಿಸುವ ಮೊದಲು ಪತ್ರ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿ ತಿರಸ್ಕಾರ ಆದರೆ

ಮೊದಲು ಕಾರಣ ಕೇಳಿ. ಖಾಸಗಿ ಪ್ರತಿಷ್ಠಾನಗಳಿಗೆ ವಿನಯದಿಂದ ಒಂದು ಇಮೇಲ್ ಬರೆದು, ಎಲ್ಲಿ ಕೊರತೆ ಆಯಿತು ಎಂದು ಕೇಳಬಹುದು. ಸರ್ಕಾರಿ ಕಚೇರಿಯಿಂದ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005 ಇದೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. "ನನ್ನ ಅರ್ಜಿ ಯಾಕೆ ತಿರಸ್ಕರಿಸಿದಿರಿ" ಎಂದು ಜಗಳದ ಧಾಟಿಯಲ್ಲಿ ಕೇಳಬೇಡಿ. "ನನ್ನ ಇಂಥ ಸಂಖ್ಯೆಯ ಅರ್ಜಿಯ ಮೇಲಿನ ಟಿಪ್ಪಣಿ ಮತ್ತು ಆಯ್ಕೆ ಸಮಿತಿ ನೀಡಿದ ಅಂಕಗಳ ಪ್ರತಿ ಕೊಡಿ" ಎಂದು ದಾಖಲೆಯನ್ನೇ ಕೇಳಿ.

ಕಾರಣ ಕಾಗದಪತ್ರದ್ದಾಗಿದ್ದರೆ ಮುಂದಿನ ಸಲಕ್ಕೆ ಅದನ್ನಷ್ಟೇ ಸರಿಪಡಿಸಿ, ಯೋಜನೆಯ ಬರಹವನ್ನು ಮುಟ್ಟಬೇಡಿ. ಕಾರಣ ಬರಹದ್ದು ಅಥವಾ ವಿಡಿಯೊದ್ದಾಗಿದ್ದರೆ ನಿಮ್ಮ ಆಟವನ್ನು ಒಮ್ಮೆಯೂ ನೋಡದ ಒಬ್ಬರಿಗೆ ಅದನ್ನು ಓದಿಸಿ, ತೋರಿಸಿ. ಓದಿದ ಮೇಲೆ ಆಟ ಹೇಗಿರುತ್ತದೆ ಎಂದು ಅವರಿಂದಲೇ ಹೇಳಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ತಿದ್ದಲು ಶುರುಮಾಡಿ.